ಭೇದಿಗೆ ಶಭಾಷ್ ಎಂದ ತೂಕದ ಯಂತ್ರ

ಎಂಟು ತಿಂಗಳಿಂದ ಈ ಸ್ಮಾರ್ಟ್ ಸ್ಕೇಲ್ ಬಳಸುತ್ತಿದ್ದೇನೆ. ಗಾಜಿನ ಹಲಗೆ, ಮೇಲೆ ನಾಲ್ಕು ಲೋಹದ ಪಟ್ಟಿ, ಫೋನಿನಲ್ಲಿ ಒಂದು ಆ್ಯಪ್. ತೂಕದ ವಿಷಯದಲ್ಲಿ ದೂರಿಲ್ಲ. ಗಟ್ಟಿ ನೆಲದ ಮೇಲಿಟ್ಟರೆ ಮೂರು ಸಲ ಹತ್ತಿದರೂ ಅದೇ ಅಂಕಿ. ಮ್ಯಾಟ್ ಮೇಲೆ ಮಾತ್ರ ಇಡಬೇಡಿ.

ಕೊಬ್ಬಿನ ಲೆಕ್ಕ ಬರೀ ಅಂದಾಜು. ಒಂದು ಪಾದದಿಂದ ಇನ್ನೊಂದಕ್ಕೆ ಸಣ್ಣ ಕರೆಂಟ್ ಹರಿಸುತ್ತದೆ. ನೀರು ಜಾಸ್ತಿ ಇರುವ ಸ್ನಾಯುವಿನಲ್ಲಿ ಅದು ಸಲೀಸಾಗಿ ಹೋಗುತ್ತದೆ, ಕೊಬ್ಬಿನಲ್ಲಿ ಅಷ್ಟು ಸುಲಭವಲ್ಲ. (ಪೇಸ್‌ಮೇಕರ್ ಇರುವವರು ಇದರ ತಂಟೆಗೆ ಹೋಗಬೇಡಿ.)

ನನ್ನ ಜಗಳ ಆ್ಯಪಿನಲ್ಲಿ ಬರುವ ಮುಖದ ಜೊತೆ. ನನ್ನ ಎತ್ತರ 162 ಸೆಂ.ಮೀ., ತೂಕ 66.8 ಕೆ.ಜಿ. ಅಂದರೆ ಬಿಎಂಐ (ಎತ್ತರಕ್ಕೆ ತೂಕ ಎಷ್ಟಿದೆ ಎಂದು ಹೇಳುವ ಅಂಕಿ) ಸುಮಾರು 25.5. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 25 ಮುಟ್ಟಿದರೆ ಅಧಿಕ ತೂಕ. ಕಿತ್ತಳೆ ಬಣ್ಣದ ಸಪ್ಪೆ ಮುಖ ಬಂತು. ಚೆನ್ನಾಗಿ ನಿದ್ದೆ ಮಾಡಿ ಎದ್ದಿದ್ದೆ, ನಾಲ್ಕು ಮಹಡಿ ಹತ್ತಿದರೂ ಏದುಸಿರು ಬರುತ್ತಿರಲಿಲ್ಲ. ಆ ಮುಖ ನೋಡಿದ್ದೇ ತಡ, ಕಾಲೆಲ್ಲ ಭಾರ.

"ಏನ್ರೀ, ಹುಷಾರಿಲ್ವಾ?" ಎಂದಳು ಹೆಂಡತಿ.

"ಇಲ್ವಂತೆ," ಎಂದೆ.

ಆಮೇಲೊಮ್ಮೆ ಮೂರು ದಿನ ಭೇದಿ. ಕಣ್ಣು ಗುಳಿಬಿದ್ದಿತ್ತು. ಗೋಡೆ ಹಿಡಿದು ಹತ್ತಿ, ಕೈ ಬಿಟ್ಟು ನಿಂತೆ: 65.2. ಬಿಎಂಐ 24.8! ಹಸಿರು ಮುಖ ಹಲ್ಲು ಕಿರಿದು 'ಶಭಾಷ್' ಎಂದಿತು. ಹೇಳಲು ನಾಚಿಕೆ, ಒಂದು ಗಳಿಗೆ ನನಗೂ ಖುಷಿಯಾಯಿತು. ತಮಾಷೆ ಅಂದ್ರೆ, ಮೈಯಲ್ಲಿ ನೀರು ಕಡಿಮೆಯಾಗಿ ಕರೆಂಟಿಗೆ ತಡೆ ಜಾಸ್ತಿಯಾಗಿತ್ತಲ್ವಾ, ಅದಕ್ಕೇ ಕೊಬ್ಬು ಏರಿದೆ ಎಂದು ಕೆಳಗೆ ತೋರಿಸುತ್ತಿತ್ತು. ಓಆರ್‌ಎಸ್ ಕುಡಿದು ಸುಧಾರಿಸಿಕೊಂಡೆ. ಎರಡೇ ದಿನಕ್ಕೆ ಕಿತ್ತಳೆ ಮುಖ ವಾಪಸ್.

ಬಿಎಂಐ ಸೂತ್ರ 1830ರ ದಶಕದ್ದು. ಅದನ್ನು ಕೊಟ್ಟ ಬೆಲ್ಜಿಯಂನ ಅಡಾಲ್ಫ್ ಕೆಟ್ಲೆ ವೈದ್ಯರಲ್ಲ, ಗಣಿತದವರು. ಅವರು ಹುಡುಕುತ್ತಿದ್ದದ್ದು ಜನರ ಸರಾಸರಿಯನ್ನು. ನನ್ನ ಹೊಟ್ಟೆ ಕೆಟ್ಟಿದ್ದು ಅವರ ಸೂತ್ರಕ್ಕೆ ಹೇಗೆ ಗೊತ್ತಾಗಬೇಕು?

ಹೊಟ್ಟೆಯ ಸುತ್ತಳತೆ ಇಳಿಸಿ ಅಂತ ಡಾಕ್ಟರ್ ಹೇಳಿದ್ದೂ ನಿಜ. ಅದಕ್ಕೆ ಟೇಪ್ ಸಾಕು. ಆ್ಯಪ್ ತೆಗೆದುಹಾಕಿದ್ದೇನೆ. ವಾರಕ್ಕೊಮ್ಮೆ ತೂಕ ನೋಡುತ್ತೇನೆ. ಹತ್ತುವ ಮೊದಲು 'ಇವತ್ತು ಹೇಗಿದ್ದೀನಿ' ಅಂತ ಕ್ಯಾಲೆಂಡರಿನಲ್ಲಿ ಬರೆದುಬಿಡುತ್ತೇನೆ. ಇಳಿದ ಮೇಲೆ ತಿದ್ದುವ ಹಾಗಿಲ್ಲ.

ಯಂತ್ರಕ್ಕೆ ನಾಲ್ಕು ಸ್ಟಾರ್. ಆ್ಯಪಿಗೆ ಒಂದು.