ಪಶುಪತಿನಾಥದಿಂದ ಸ್ವಯಂಭೂವರೆಗೆ: ಕಠ್ಮಂಡುವಿನಲ್ಲಿ ಗೈಡ್ ಜೊತೆ ಕಳೆದ ಒಂದು ದಿನ

ಕಠ್ಮಂಡುವಿಗೆ ಹೋಗಿ ಬಂದ ನಮ್ಮ ಪರಿಚಯದ ಕನ್ನಡಿಗರಲ್ಲಿ ಬಹುತೇಕರು ಪಶುಪತಿನಾಥನ ದರ್ಶನ ಮುಗಿಸಿ ಮುಕ್ತಿನಾಥಕ್ಕೋ ಮಾನಸ ಸರೋವರಕ್ಕೋ ಮುಂದುವರಿದವರು. ಬೌದ್ಧನಾಥ ಮತ್ತು ಸ್ವಯಂಭೂ ಎಂಬ ಬೌದ್ಧ ಸ್ತೂಪಗಳು ಅವರ ಪಾಲಿಗೆ ಸಮಯ ಉಳಿದರೆ ನೋಡುವ ಸ್ಥಳಗಳು. ನಾವೂ ಹಾಗೆಯೇ ಯೋಚಿಸಿದ್ದೆವು. ಎಪ್ಪತ್ತು ದಾಟಿದ ನನ್ನ ತಾಯಿಯವರ ಬಹುಕಾಲದ ಆಸೆ ಪಶುಪತಿನಾಥನ ದರ್ಶನವಾಗಿದ್ದುದರಿಂದ, ಅದನ್ನು ಸುಸೂತ್ರವಾಗಿ ಮಾಡಿಸಿಕೊಡಲು ಒಬ್ಬ ಗೈಡ್ ಇದ್ದರೆ ಸಾಕು, ಉಳಿದದ್ದು ಬಂದಷ್ಟು ಬರಲಿ ಎಂಬುದು ನಮ್ಮ ಲೆಕ್ಕ. ಆದರೆ ಆ ದಿನ ನಮಗೆ ದೊರೆತದ್ದು ಹಿಂದೂ ಸ್ಥಳಗಳನ್ನೂ ಬೌದ್ಧ ಸ್ಥಳಗಳನ್ನೂ ಒಂದೇ ಕಥೆಯಾಗಿ ಓದಿಸಿದ ಮಾರ್ಗದರ್ಶನ. ಇದರಲ್ಲಿ ಏನು ಚೆನ್ನಾಗಿತ್ತು, ಏನು ಚೆನ್ನಾಗಿರಲಿಲ್ಲ ಎಂಬುದನ್ನು, ಇಂಥದೇ ಪ್ರವಾಸಕ್ಕೆ ಹಣ ಕೊಡಲು ಯೋಚಿಸುತ್ತಿರುವವರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಥಮೇಲ್ ಬಡಾವಣೆಯ ಒಂದು ಸಣ್ಣ ಪ್ರವಾಸಿ ಸಂಸ್ಥೆಯಲ್ಲಿ ಹಿಂದಿನ ಸಂಜೆಯೇ ಹೋಗಿ ಮಾತಾಡಿದೆವು. ಚಾಲಕ ಸಮೇತ ಕಾರು ಮತ್ತು ಪರವಾನಗಿ ಪಡೆದ ಗೈಡ್, ಎರಡೂ ಸೇರಿ ಮೂವರಿಗೆ 11,000 ನೇಪಾಳಿ ರೂಪಾಯಿ ಎಂದು ತೀರ್ಮಾನವಾಯಿತು. ಭಾರತದ 1 ರೂಪಾಯಿಗೆ ನೇಪಾಳದ 1.60 ರೂಪಾಯಿ ಎಂಬ ದರ ಬಹಳ ವರ್ಷಗಳಿಂದ ಸ್ಥಿರವಾಗಿರುವುದರಿಂದ ಇದು ನಮ್ಮ ಹಣದಲ್ಲಿ ಏಳು ಸಾವಿರದೊಳಗೇ ಆಯಿತು. ಪ್ರವೇಶ ಶುಲ್ಕ ಮತ್ತು ಊಟ ನಮ್ಮದೇ. ಪಶುಪತಿನಾಥದಲ್ಲಿ ಭಾರತೀಯರಿಗೆ ಟಿಕೆಟ್ ಇಲ್ಲ. ಉಳಿದ ಕಡೆ ಸಾರ್ಕ್ ದೇಶಗಳವರಿಗೆ ಇತರ ವಿದೇಶಿಯರಿಗಿಂತ ಕಡಿಮೆ ದರವಿರುವುದರಿಂದ ಗುರುತಿನ ಚೀಟಿಯನ್ನು ಕೈಯಲ್ಲೇ ಇಟ್ಟುಕೊಂಡಿರುವುದು ಒಳ್ಳೆಯದು. ಸಂಸ್ಥೆಯವರು ಕೊಟ್ಟ ಪಟ್ಟಿಯಲ್ಲಿ ಆರು ಸ್ಥಳಗಳಿದ್ದವು. ಬೆಳಿಗ್ಗೆ ಬಂದ ಗೈಡ್ ನನ್ನ ತಾಯಿಯವರು ನಡೆಯುವ ರೀತಿಯನ್ನು ಒಮ್ಮೆ ನೋಡಿ, ನಗರದ ಉತ್ತರ ತುದಿಯಲ್ಲಿರುವ ಬೂಢಾನೀಲಕಂಠವನ್ನು ಇಂದು ಬಿಡೋಣ, ಐದನ್ನೇ ನಿಧಾನವಾಗಿ ನೋಡೋಣ ಎಂದರು. ಶೇಷಶಾಯಿ ವಿಷ್ಣುವಿನ ಆ ದೊಡ್ಡ ಶಿಲಾಮೂರ್ತಿಯನ್ನು ನೋಡದೆ ಹೋದದ್ದು ಬೇಸರದ ಸಂಗತಿಯೇ ಆದರೂ, ಪಟ್ಟಿ ಮುಗಿಸುವುದಕ್ಕಿಂತ ಬಂದವರ ಮೊಣಕಾಲು ಮುಖ್ಯ ಎಂದು ತಾವಾಗಿಯೇ ಯೋಚಿಸಿದ ಗೈಡ್ ಬಗ್ಗೆ ನಮಗೆ ಆಗಲೇ ವಿಶ್ವಾಸ ಹುಟ್ಟಿತು. ಅವರು ಪಾಟನ್ ಪಟ್ಟಣದವರು, ಈ ಕಣಿವೆಯ ಹಳೆಯ ನಿವಾಸಿಗಳಾದ ನೇವಾರ್ ಸಮುದಾಯದ ಬೌದ್ಧರು, ಶಾಕ್ಯ ಮನೆತನದವರು. ಹಿಂದಿ ಸ್ಪಷ್ಟವಾಗಿ ಮಾತಾಡುತ್ತಿದ್ದರು. ತಾಯಿಯವರನ್ನು ದಿನವಿಡೀ ನೇಪಾಳಿ ರೂಢಿಯಂತೆ ‘ಆಮಾ’ ಎಂದೇ ಕರೆದರು.

ಪಶುಪತಿನಾಥಕ್ಕೆ ನಾವು ಬೆಳಿಗ್ಗೆ ಬೇಗನೆ ಹೋದೆವು. ಚರ್ಮದ ಬೆಲ್ಟು, ಪರ್ಸುಗಳನ್ನು ಒಳಗೆ ಬಿಡುವುದಿಲ್ಲ, ಒಳಗೆ ಛಾಯಾಚಿತ್ರ ತೆಗೆಯುವಂತಿಲ್ಲ. ಇವೆರಡನ್ನೂ ಗೈಡ್ ಹೋಟೆಲಿನಲ್ಲಿಯೇ ಹೇಳಿದ್ದರಿಂದ ಬಾಗಿಲಲ್ಲಿ ಗೊಂದಲವಾಗಲಿಲ್ಲ. ಅವರು ಮಾಡಿದ ನಿಜವಾದ ಉಪಕಾರ ಮತ್ತೊಂದು. ಇಲ್ಲಿನ ಲಿಂಗ ಚತುರ್ಮುಖ ಲಿಂಗ. ಗರ್ಭಗುಡಿಗೆ ನಾಲ್ಕು ದಿಕ್ಕಿಗೂ ಬಾಗಿಲುಗಳಿದ್ದು, ಪೂರ್ವಕ್ಕೆ ತತ್ಪುರುಷ, ದಕ್ಷಿಣಕ್ಕೆ ಅಘೋರ, ಪಶ್ಚಿಮಕ್ಕೆ ಸದ್ಯೋಜಾತ, ಉತ್ತರಕ್ಕೆ ವಾಮದೇವ ಎಂದು ಒಂದೊಂದು ಬಾಗಿಲಿನಿಂದ ಒಂದೊಂದು ಮುಖದ ದರ್ಶನವಾಗುತ್ತದೆ. ಮೇಲ್ಮುಖವಾದ ಈಶಾನಕ್ಕೆ ಆಕಾರವಿಲ್ಲ. ಪಶ್ಚಿಮದ ಮಹಾದ್ವಾರದಿಂದ ಬಂದವರು ದೊಡ್ಡ ನಂದಿಯ ಮುಂದೆ ನಿಂತು, ಎದುರಿನ ಬಾಗಿಲಿನಲ್ಲಿ ಒಂದು ಮುಖವನ್ನು ನೋಡಿ, ಜನಸಂದಣಿಯ ಒತ್ತಡಕ್ಕೆ ಹೊರಬಂದುಬಿಡುವುದು ಸುಲಭ. ನಮ್ಮ ಗೈಡ್ ಸರದಿಯನ್ನು ನೋಡಿಕೊಂಡು ತಾಯಿಯವರ ಕೈ ಹಿಡಿದು ನಾಲ್ಕೂ ಬಾಗಿಲುಗಳಲ್ಲಿ ನಿಲ್ಲಿಸಿದರು. ಪ್ರತಿ ಬಾಗಿಲಿನಲ್ಲೂ ಆ ಮುಖದ ಹೆಸರನ್ನು ಮಾತ್ರ ಮೆಲ್ಲನೆ ಹೇಳಿ ಸುಮ್ಮನಾದರು. ವಿವರಣೆ ಎಲ್ಲಿ ಬೇಕು, ಮೌನ ಎಲ್ಲಿ ಬೇಕು ಎಂಬ ಈ ತಿಳಿವಳಿಕೆ ಎಲ್ಲ ಗೈಡ್‌ಗಳಲ್ಲೂ ಇರುವುದಿಲ್ಲ.

ಗರ್ಭಗುಡಿಯೊಳಗೆ ಲಿಂಗವನ್ನು ಮುಟ್ಟಿ ಪೂಜಿಸುವ ಅಧಿಕಾರವಿರುವುದು ದಕ್ಷಿಣ ಭಾರತದಿಂದ ಬಂದ ಭಟ್ಟರಿಗೆ ಮಾತ್ರ, ಮತ್ತು ಅವರು ಬಹುಕಾಲದಿಂದ ಕರ್ನಾಟಕದವರೇ ಎಂಬುದು ನಮ್ಮಲ್ಲಿ ಹಲವರಿಗೆ ತಿಳಿದ ಸಂಗತಿ. ಆದರೂ ಅಷ್ಟು ದೂರ ಬಂದು, ಕರಾವಳಿಯ ದೇವಸ್ಥಾನಗಳಲ್ಲಿ ಕೇಳಿ ಬೆಳೆದ ಸ್ವರದಲ್ಲೇ ಮಂತ್ರಗಳನ್ನು ಕೇಳಿದಾಗ ತಾಯಿಯವರ ಕಣ್ಣು ತುಂಬಿತು. ‘ಯಾವ ಊರಿನವರು ಅಂತ ಕೇಳಬಹುದಿತ್ತಾ?’ ಎಂದು ಹೊರಬಂದ ಮೇಲೆ ಎರಡು ಸಲ ಕೇಳಿದರು. ಸಾಲು ನಿಲ್ಲುವುದಿಲ್ಲವಾದ್ದರಿಂದ ಅದು ಸಾಧ್ಯವಿರಲಿಲ್ಲ. ಆಗ ಗೈಡ್ ಹೇಳಿದ ಮಾತು ನನಗೆ ಹೊಸದು. ವರ್ಷಕ್ಕೊಮ್ಮೆ, ಕಾರ್ತಿಕ ಶುಕ್ಲ ಅಷ್ಟಮಿಯಂದು, ಈ ಶಿವಲಿಂಗಕ್ಕೆ ಬುದ್ಧನ ಕಿರೀಟವನ್ನು ತೊಡಿಸಿ ನೇವಾರ್ ಬೌದ್ಧರು ಪೂಜಿಸುವ ಸಂಪ್ರದಾಯವಿದೆ. ಬೌದ್ಧರಾದ ಅವರು ಬೆಳಿಗ್ಗೆ ನಮ್ಮೊಡನೆ ಒಳಬಂದು, ಕೈ ಮುಗಿದು ಯಾಕೆ ಅಷ್ಟು ಹೊತ್ತು ನಿಂತಿದ್ದರೆಂಬುದು ಆಗ ತಿಳಿಯಿತು. ಹಿಂದೂಗಳಲ್ಲದ ವಿದೇಶಿ ಸ್ನೇಹಿತರೊಡನೆ ಹೋಗುವವರು ಒಂದು ವಿಷಯ ಗಮನದಲ್ಲಿಡಬೇಕು: ಅವರಿಗೆ ಮುಖ್ಯ ದೇವಾಲಯದೊಳಗೆ ಪ್ರವೇಶವಿಲ್ಲ, ಬಾಗಮತಿಯ ಪೂರ್ವ ದಡದಿಂದ ಮಾತ್ರ ನೋಡಬಹುದು.

ಆ ಪೂರ್ವ ದಡದಲ್ಲಿ ನಾವೂ ಸ್ವಲ್ಪ ಹೊತ್ತು ಕುಳಿತೆವು. ಎದುರಿನ ಘಾಟ್‌ಗಳಲ್ಲಿ ಎರಡು ಚಿತೆಗಳು ಉರಿಯುತ್ತಿದ್ದವು. ಪಕ್ಕದಲ್ಲಿ ಕೆಲವರು ಮೊಬೈಲ್ ಎತ್ತಿ ಚಿತ್ರ ತೆಗೆಯುತ್ತಿದ್ದಾಗ ನಮ್ಮ ಗೈಡ್, ಅದು ಯಾರದೋ ಮನೆಯ ದುಃಖ, ದಯವಿಟ್ಟು ಬೇಡ ಎಂದು ನಮಗೆ ಮೊದಲೇ ಹೇಳಿದ್ದರು. ದುಡ್ಡಿಗಾಗಿ ಭಸ್ಮ ಬಳಿದುಕೊಂಡು ಚಿತ್ರಕ್ಕೆ ಕೂರುವವರ ಬಳಿಗೂ ಅವರು ನಮ್ಮನ್ನು ಕರೆದೊಯ್ಯಲಿಲ್ಲ.

ಅಲ್ಲಿಂದ ಗುಹ್ಯೇಶ್ವರಿ ಹತ್ತಿರದಲ್ಲೇ ಇದೆ. ಶಕ್ತಿಪೀಠವೆಂದು ಪ್ರಸಿದ್ಧವಾದ ಈ ಗುಡಿಯಲ್ಲಿ ನಿಂತ ವಿಗ್ರಹವಿಲ್ಲ. ನೆಲಮಟ್ಟದಲ್ಲಿ ಒಂದು ಕಲಶವಿದ್ದು, ಅದರ ಕೆಳಗೆ ನೀರಿನ ಒರತೆ ಇದೆ. ಬೌದ್ಧರು ಇದೇ ದೇವಿಯನ್ನು ನೈರಾತ್ಮ್ಯಾ ಎಂದು ಪೂಜಿಸುತ್ತಾರೆ. ‘ಈ ಕಣಿವೆ ಒಂದು ಕಾಲಕ್ಕೆ ಸರೋವರವಾಗಿತ್ತು. ಅದರಲ್ಲಿ ಒಂದು ಕಮಲ ಅರಳಿತ್ತು. ಆ ಕಮಲದ ಬೇರು ಇಲ್ಲಿದೆ. ಹೂವು ಎಲ್ಲಿದೆ ಎಂದು ಸಂಜೆ ಹೇಳುತ್ತೇನೆ’ ಎಂದು ಗೈಡ್ ಅಲ್ಲಿಗೇ ಕಥೆ ನಿಲ್ಲಿಸಿದರು. ತಾಯಿಯವರು ಮಧ್ಯಾಹ್ನದವರೆಗೂ ಆ ಹೂವಿನ ವಿಷಯವನ್ನೇ ಕೇಳುತ್ತಿದ್ದರು.

ಬೌದ್ಧನಾಥದ ಸ್ತೂಪವನ್ನು ಚಿತ್ರಗಳಲ್ಲಿ ಎಷ್ಟು ಸಲ ನೋಡಿದ್ದರೂ, ಇಕ್ಕಟ್ಟಾದ ಓಣಿಯೊಂದರಿಂದ ಹೊರಬಂದೊಡನೆ ಆ ಬಿಳಿಯ ಗೋಳ ಎದುರಾಗುವ ಕ್ಷಣಕ್ಕೆ ಯಾವ ಚಿತ್ರವೂ ನಮ್ಮನ್ನು ಸಿದ್ಧಗೊಳಿಸುವುದಿಲ್ಲ. ಸುಮಾರು 36 ಮೀಟರ್ ಎತ್ತರದ ಈ ಸ್ತೂಪದ ಶಿಖರದಲ್ಲಿರುವ 13 ಮೆಟ್ಟಿಲುಗಳು ಬೋಧಿಯ ಹಾದಿಯ ಹಂತಗಳೆಂದೂ, ಕಣ್ಣುಗಳ ನಡುವೆ ಮೂಗಿನಂತೆ ಕಾಣುವುದು ನೇಪಾಳಿಯ ‘ಒಂದು’ ಅಂಕಿಯೆಂದೂ ಗೈಡ್ ವಿವರಿಸಿದರು. 2015ರ ಏಪ್ರಿಲ್ 25ರ ಭೂಕಂಪದಲ್ಲಿ ಈ ಶಿಖರ ಬಿರುಕುಬಿಟ್ಟಿತ್ತು. ಭಕ್ತರ ದೇಣಿಗೆಯಿಂದಲೇ, 30 ಕಿಲೋಗೂ ಹೆಚ್ಚು ಚಿನ್ನ ಬಳಸಿ, ಅದನ್ನು ಹೊಸದಾಗಿ ಕಟ್ಟಿ 2016ರ ನವೆಂಬರ್‌ನಲ್ಲಿ ಮತ್ತೆ ತೆರೆದರು. ಭೂಕಂಪದ ದಿನ ತಾವು ಎಲ್ಲಿದ್ದೆವೆಂಬುದನ್ನು ಗೈಡ್ ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ನಡೆದರು, ನಾವೂ ಕೆದಕಲಿಲ್ಲ. 1959ರ ನಂತರ ಟಿಬೆಟ್‌ನಿಂದ ಬಂದವರು ಈ ಸ್ತೂಪದ ಸುತ್ತ ನೆಲೆಸಿದರು. ಕಡುಗೆಂಪು ಬಟ್ಟೆಯ ಭಿಕ್ಷುಗಳ ನಡುವೆ ಬಲಕ್ಕೆ ಪ್ರದಕ್ಷಿಣೆ ಬರುತ್ತಾ, ಪ್ರಾರ್ಥನಾ ಚಕ್ರಗಳನ್ನು ಒಂದೊಂದಾಗಿ ತಿರುಗಿಸುತ್ತಾ ತಾಯಿಯವರು, ‘ಇವರೆಲ್ಲ ನಮ್ಮ ಬೈಲಕುಪ್ಪೆಯವರ ಹಾಗೇ ಇದ್ದಾರೆ’ ಎಂದರು. ಅದು ತಪ್ಪೇನಲ್ಲ, ಅದೇ ವಲಸೆಯ ಇನ್ನೊಂದು ಕವಲು ನಮ್ಮ ಬೈಲಕುಪ್ಪೆ ಮತ್ತು ಮುಂಡಗೋಡದಲ್ಲಿ ನೆಲೆಸಿದೆ.

ದಿನದ ದೊಡ್ಡ ಕೊರತೆಯೂ ಇಲ್ಲಿಯೇ ಆಯಿತು. ಪ್ರದಕ್ಷಿಣೆ ಮುಗಿದ ಮೇಲೆ, ಥಂಗ್ಕಾ ಚಿತ್ರಗಳನ್ನು ಬರೆಯುವುದನ್ನು ತೋರಿಸುತ್ತಾರೆ ಎಂದು ನಮ್ಮನ್ನು ಒಂದು ಅಂಗಡಿಯ ಮಹಡಿಗೆ ಕರೆದೊಯ್ದರು. ಮೊದಲ ಹತ್ತು ನಿಮಿಷ ನಿಜಕ್ಕೂ ಸ್ವಾರಸ್ಯವಾಗಿತ್ತು: ಬಟ್ಟೆಗೆ ಅಂಟು ಮತ್ತು ಬಿಳಿ ಮಣ್ಣು ಸವರಿ ನಯಗೊಳಿಸುವ ಕ್ರಮವನ್ನೂ, ಬುದ್ಧನ ಆಕೃತಿಯನ್ನು ಅಳತೆಯ ಗೆರೆಗಳ ಮೇಲೆ ಕೂರಿಸುವ ವಿಧಾನವನ್ನೂ ಅಲ್ಲಿನ ಕಲಾವಿದರು ತಾಳ್ಮೆಯಿಂದ ತೋರಿಸಿದರು. ಆದರೆ ಆಮೇಲಿನ ಅರ್ಧ ಗಂಟೆ ಬರೀ ಮಾರಾಟ. ಬೇಡವೆಂದಷ್ಟೂ ಹೊಸ ಚಿತ್ರಗಳನ್ನು ಬಿಚ್ಚುತ್ತಾ ಹೋದರು. ಬಿಚ್ಚಿದವರ ಶ್ರಮಕ್ಕೆ ನಾಚಿ ಏನನ್ನಾದರೂ ಕೊಳ್ಳಬೇಕೆನ್ನಿಸುವಂತೆ ಆಯಿತು. ಗೈಡ್ ಒತ್ತಾಯಿಸಲಿಲ್ಲ, ಹೊರಗೆ ನಿಂತಿದ್ದರು. ಅಂಗಡಿಗೆ ಕರೆದೊಯ್ಯುವುದು ಸಂಸ್ಥೆಯವರ ಏರ್ಪಾಡಾಗಿದ್ದಿರಬೇಕು. ಹಾಗಿದ್ದಲ್ಲಿ ಅದನ್ನು ಮುಂಗಡ ಪಡೆಯುವಾಗಲೇ ತಿಳಿಸಬೇಕಿತ್ತು. ಪೂರ್ಣ ದಿನದ ಹಣ ಕೊಟ್ಟವರ ಮುಕ್ಕಾಲು ಗಂಟೆಯನ್ನು ಹೀಗೆ ತೆಗೆದುಕೊಳ್ಳುವುದು ನ್ಯಾಯವಲ್ಲ. ನೀವು ಗೊತ್ತುಮಾಡುವಾಗ ‘ಯಾವ ಅಂಗಡಿಗೂ ಹೋಗುವುದಿಲ್ಲ’ ಎಂದು ಸ್ಪಷ್ಟವಾಗಿ ಹೇಳಿ, ರಸೀದಿಯಲ್ಲೇ ಬರೆಸಿಕೊಳ್ಳಿ. ಊಟ ಸ್ತೂಪಕ್ಕೆ ಎದುರಾದ ಮಹಡಿಯ ಹೋಟೆಲಿನಲ್ಲಿ. ಸಸ್ಯಾಹಾರದ ದಾಲ್‌ಭಾತ್ ಬಿಸಿಯಾಗಿ, ಹಿತವಾಗಿ ಇತ್ತು.

ಆ ಕಳೆದುಹೋದ ಹೊತ್ತಿನ ಬೆಲೆ ತಿಳಿದದ್ದು ಪಾಟನ್‌ನಲ್ಲಿ. ಈ ಊರಿಗೆ ನಮಗೆ ಉಳಿದದ್ದು ಒಂದೂಕಾಲು ಗಂಟೆ ಮಾತ್ರ, ಮತ್ತು ಇಡೀ ದಿನದಲ್ಲಿ ಅತ್ಯಂತ ಸಮೃದ್ಧವಾದ ಸ್ಥಳ ಇದೇ ಆಗಿತ್ತು. ಪಾಟನ್‌ನ ರಾಜ ಸಿದ್ಧಿನರಸಿಂಹ ಮಲ್ಲ 1637ರಲ್ಲಿ ಕಟ್ಟಿಸಿದ ಕೃಷ್ಣ ಮಂದಿರ ಸುತ್ತಲಿನ ಇಟ್ಟಿಗೆ, ಮರದ ಗುಡಿಗಳ ನಡುವೆ ಪೂರ್ತಿ ಕಲ್ಲಿನದಾಗಿ ನಿಂತಿದೆ. ಮೊದಲ ಅಂತಸ್ತಿನ ಪಟ್ಟಿಕೆಯಲ್ಲಿ ಮಹಾಭಾರತ, ಅದರ ಮೇಲಿನದರಲ್ಲಿ ರಾಮಾಯಣ. ಹೊಯ್ಸಳ ಗುಡಿಗಳ ಗೋಡೆಗಳಲ್ಲಿ ಕಥೆ ಓದಿ ಅಭ್ಯಾಸವಿರುವ ನಮಗೆ ಅದು ತಕ್ಷಣ ಅರ್ಥವಾಯಿತು. ಪ್ರತಿ ದೃಶ್ಯದ ಕೆಳಗೆ ನೇವಾರಿ ಭಾಷೆಯಲ್ಲಿ ಕೊರೆದ ಸಾಲನ್ನು ಗೈಡ್ ತಮ್ಮ ಮಾತೃಭಾಷೆಯಲ್ಲಿ ಓದಿ ಹಿಂದಿಯಲ್ಲಿ ಹೇಳುತ್ತಾ ಹೋದಾಗ, ಅವರ ದನಿಯಲ್ಲೇ ಒಂದು ಹೆಮ್ಮೆ ಇತ್ತು. ಕೆಳಗಿನ ಅಂತಸ್ತಿನಲ್ಲಿ ಕೃಷ್ಣ, ಅದರ ಮೇಲೆ ಶಿವ, ಎಲ್ಲಕ್ಕೂ ಮೇಲೆ ಬೌದ್ಧರ ಲೋಕೇಶ್ವರ. ನಾವು ಕರ್ನಾಟಕದವರೆಂದು ತಿಳಿದಿದ್ದ ಅವರು, ಮಲ್ಲ ರಾಜರು ತಮ್ಮನ್ನು ಮಿಥಿಲೆಯ ಕರ್ಣಾಟ ವಂಶದ ಕುಡಿಗಳೆಂದು ಹೇಳಿಕೊಳ್ಳುತ್ತಿದ್ದರು ಎಂಬುದನ್ನೂ ಪ್ರಸ್ತಾಪಿಸಿದರು. ಆ ವಂಶದ ಮೂಲಪುರುಷ ನಾನ್ಯದೇವ 1097ರಲ್ಲಿ ರಾಜ್ಯ ಸ್ಥಾಪಿಸಿದವನು, ಮೂಲತಃ ಕನ್ನಡ ನಾಡಿನಿಂದ ಹೋದವನೆಂದು ಇತಿಹಾಸಕಾರರು ಗುರುತಿಸುತ್ತಾರೆ. ಕೇಳುವವರು ಯಾರೆಂದು ನೋಡಿ ಕಥೆಯನ್ನು ಆಯ್ದುಕೊಳ್ಳುವುದು ಒಳ್ಳೆಯ ಗೈಡ್‌ನ ಲಕ್ಷಣ.

ಕೆಲವೇ ನಿಮಿಷದ ನಡಿಗೆಯಲ್ಲಿ ಹಿರಣ್ಯವರ್ಣ ಮಹಾವಿಹಾರ ಎಂಬ ಬೌದ್ಧ ವಿಹಾರ. ಓಣಿಯ ಸಣ್ಣ ಬಾಗಿಲಿನಿಂದ ಒಳಹೊಕ್ಕರೆ, ಚಿನ್ನದ ಲೇಪದ ತಾಮ್ರದ ತಗಡುಗಳಿಂದ ಹೊಳೆಯುವ ಅಂಗಳ, ಅದರಲ್ಲಿ ತಮ್ಮ ಪಾಡಿಗೆ ಓಡಾಡುವ ಆಮೆಗಳು. ಇಲ್ಲಿನ ಮುಖ್ಯ ಅರ್ಚಕ ಹನ್ನೆರಡು ವರ್ಷದೊಳಗಿನ ಬಾಲಕ. 30 ದಿನ ಸೇವೆ ಮಾಡಿ ಇನ್ನೊಬ್ಬನಿಗೆ ವಹಿಸಿಕೊಡುತ್ತಾನೆ. ಗಂಟೆ ಬಾರಿಸುತ್ತಿದ್ದ ಆ ಹುಡುಗನನ್ನು ನೋಡುತ್ತಾ ತಾಯಿಯವರು ಕದಲಲಿಲ್ಲ. ಆದರೆ ಕತ್ತಲಾಗುವ ಮೊದಲು ಸ್ವಯಂಭೂ ತಲುಪಬೇಕಿತ್ತು.

ಸ್ವಯಂಭೂ ಬೆಟ್ಟಕ್ಕೆ ಪೂರ್ವದಿಂದ 365 ಮೆಟ್ಟಿಲುಗಳಿವೆ. ಗೈಡ್ ಕಾರನ್ನು ಬೆಟ್ಟದ ಇನ್ನೊಂದು ಮಗ್ಗುಲಿನ ರಸ್ತೆಯಿಂದ ಮೇಲಕ್ಕೆ ತರಿಸಿದ್ದರಿಂದ ಸ್ವಲ್ಪವೇ ಹತ್ತಿದರೆ ಸಾಕಾಯಿತು. ಹಿರಿಯರನ್ನು ಕರೆದೊಯ್ಯುವವರು ಈ ದಾರಿಯನ್ನೇ ಕೇಳಿ ಪಡೆಯಬೇಕು. ಕೋತಿಗಳಿರುವುದರಿಂದ ಕೈಯಲ್ಲಿ ತಿಂಡಿ ಹಿಡಿಯಬಾರದು. ಸ್ತೂಪದ ಪಕ್ಕದಲ್ಲಿ ಹಾರತಿ ದೇವಿಯ ಗುಡಿ ಇದೆ. ಮಕ್ಕಳನ್ನು ಕಾಯುವ, ಸಿಡುಬನ್ನು ತಡೆಯುವ ಈ ತಾಯಿಗೆ ಹಿಂದೂಗಳೂ ಬೌದ್ಧರೂ ಒಂದೇ ಸಾಲಿನಲ್ಲಿ ನಿಂತು ಪೂಜೆ ಸಲ್ಲಿಸುತ್ತಿದ್ದರು. ‘ಹಾಗಾದರೆ ಇವಳು ನಮ್ಮ ಮಾರಮ್ಮನೇ’ ಎಂದು ತಾಯಿಯವರು ತಾವೇ ಹೂವು ಕೊಂಡು ಸಾಲಿಗೆ ಸೇರಿಕೊಂಡರು. ಅವರಿಗೆ ಅಲ್ಲಿ ವಿವರಣೆಯ ಅಗತ್ಯವಿರಲಿಲ್ಲ.

ದೀಪಗಳು ಹತ್ತಿದ ಮೇಲೆ ಕೆಳಗಿನ ನಗರಕ್ಕೆ ಮುಖ ಮಾಡಿ ಕುಳಿತು ಗೈಡ್ ಬೆಳಗಿನ ಕಥೆಯನ್ನು ಮುಗಿಸಿದರು. ಸರೋವರದ ಕಮಲದಲ್ಲಿ ತಾನೇ ತಾನಾಗಿ ಜ್ಯೋತಿಯೊಂದು ಮೂಡಿತ್ತು. ಅದನ್ನು ಪೂಜಿಸಲು ಬಂದ ಬೋಧಿಸತ್ವ ಮಂಜುಶ್ರೀ, ಜನರು ಅದನ್ನು ತಲುಪಲೆಂದು ದಕ್ಷಿಣದ ಬೆಟ್ಟವನ್ನು ಚೋಭಾರ್‌ನಲ್ಲಿ ಖಡ್ಗದಿಂದ ಸೀಳಿ ನೀರನ್ನು ಹರಿಯಬಿಟ್ಟ. ಹೂವು ನಿಂತ ಜಾಗವೇ ಈ ಬೆಟ್ಟ. ಬಾಗಮತಿ ಇಂದಿಗೂ ಚೋಭಾರ್‌ನ ಆ ಸೀಳಿನಿಂದಲೇ ಕಣಿವೆಯಿಂದ ಹೊರಹೋಗುತ್ತದೆ, ಮತ್ತು ಕಣಿವೆ ಹಿಂದೆ ಸರೋವರವಾಗಿತ್ತೆಂಬುದನ್ನು ಭೂವಿಜ್ಞಾನಿಗಳೂ ಒಪ್ಪುತ್ತಾರೆ. ಬೇರು ಗುಹ್ಯೇಶ್ವರಿಯಲ್ಲಿ, ಹೂವು ಸ್ವಯಂಭೂವಿನಲ್ಲಿ. ಸ್ಥಳಗಳನ್ನು ಈ ಕ್ರಮದಲ್ಲಿ ಜೋಡಿಸಿದ್ದು ಯಾಕೆಂದು ಆಗ ನಮಗೆ ಹೊಳೆಯಿತು.

ಗೈಡ್‌ಗೆ ಒಪ್ಪಿದ ಹಣದ ಮೇಲೆ ಸಂತೋಷದಿಂದಲೇ ಹೆಚ್ಚಿಗೆ ಕೊಟ್ಟೆವು. ಅಂಗಡಿಯ ವಿಷಯವನ್ನು ಸಂಸ್ಥೆಯವರಿಗೆ ಬಿಲ್ಲು ಕಟ್ಟುವಾಗ ನೇರವಾಗಿ ಹೇಳಿದೆವು, ಅವರು ಕೇಳಿಸಿಕೊಂಡರು. ಮುಂದೆ ಹೋಗುವವರು ಶನಿವಾರವನ್ನು ಬಿಟ್ಟು ಬೇರೆ ದಿನ ಆರಿಸಿಕೊಳ್ಳಿ. ಅಲ್ಲಿ ವಾರದ ರಜೆ ಅದೇ ಆದ್ದರಿಂದ ಗುಡಿಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಪಾಟನ್‌ಗೆ ಕನಿಷ್ಠ ಮೂರು ಗಂಟೆ ಬೇಕೆಂದು ಮೊದಲೇ ಒಪ್ಪಿಸಿಕೊಳ್ಳಿ. ನಾವಂತೂ ಮರುದಿನ ಬೆಳಿಗ್ಗೆ ಟ್ಯಾಕ್ಸಿ ಹಿಡಿದು ಮತ್ತೆ ಹಿರಣ್ಯವರ್ಣ ವಿಹಾರಕ್ಕೆ ಹೋದೆವು. ತಾಯಿಯವರು ಅಂಗಳದ ಕಟ್ಟೆಯ ಮೇಲೆ ಕುಳಿತು, ಆ ಹುಡುಗ ಪೂಜೆ ಮುಗಿಸುವವರೆಗೂ ಎದ್ದಿರಲಿಲ್ಲ.