ಬದಿಯಡ್ಕದ ಜೀನಸು ಅಂಗಡಿಯ ‘ಕುಲಾಂತರಿ ಮುಕ್ತ’ ಕಪಾಟು

ನಮ್ಮ ಮನೆಗೆ ತಿಂಗಳ ಸಾಮಾನು ಬರುವುದು ಕಾಸರಗೋಡು ಜಿಲ್ಲೆಯ ಬದಿಯಡ್ಕ ಪೇಟೆಯ ಒಂದೇ ಅಂಗಡಿಯಿಂದ, ಅದೂ ಇಪ್ಪತ್ತು ವರ್ಷಗಳಿಂದ. ಮೊದಲು ಅದು ಬಾಗಿಲ ಹಲಗೆಗಳನ್ನು ಒಂದೊಂದಾಗಿ ಕಳಚಿ ತೆರೆಯುತ್ತಿದ್ದ ಸಾಧಾರಣ ಜೀನಸು ಅಂಗಡಿಯಾಗಿತ್ತು. ಚೀಟಿ ಕೊಟ್ಟರೆ ಯಜಮಾನರು ತಾವೇ ತೂಗಿ, ಕಾಗದದಲ್ಲಿ ಕಟ್ಟಿ ಕೊಡುತ್ತಿದ್ದರು. ಕಳೆದ ವರ್ಷ ಪಕ್ಕದ ಎರಡು ಕೋಣೆಗಳನ್ನೂ ಸೇರಿಸಿಕೊಂಡು ಅದು ನಾವೇ ಬುಟ್ಟಿ ಹಿಡಿದು ಆರಿಸಿಕೊಳ್ಳುವ ಸೂಪರ್ ಮಾರ್ಕೆಟ್ ಆಯಿತು. ಅದರೊಂದಿಗೆ ಒಳಗೆ ಹೋದೊಡನೆ ಬಲಗಡೆಗೆ ಕಾಣುವ ಹೊಸ ಕಪಾಟೊಂದು ಬಂದಿದೆ. ಅದರ ಮೇಲಿನ ಹಸಿರು ಹಲಗೆಯಲ್ಲಿ ಮಲಯಾಳದಲ್ಲಿಯೂ ಇಂಗ್ಲಿಷಿನಲ್ಲಿಯೂ ‘ಜಿಎಂ ಫ್ರೀ’, ಅಂದರೆ ಕುಲಾಂತರಿ ಮುಕ್ತ ಆಹಾರ, ಎಂದು ಬರೆದಿದೆ. ಕುಲಾಂತರಿಯೆಂದರೆ ಬೇರೊಂದು ಜೀವಿಯ ವಂಶವಾಹಿಯನ್ನು ಪ್ರಯೋಗಶಾಲೆಯಲ್ಲಿ ಸೇರಿಸಿ ಮಾಡಿದ ತಳಿ. ಈ ವಿಮರ್ಶೆ ಮುಖ್ಯವಾಗಿ ಆ ಕಪಾಟನ್ನು ಕುರಿತದ್ದು.

ಅಂಗಡಿಯ ಬಗ್ಗೆ ಒಳ್ಳೆಯ ಮಾತು ಹೇಳದೆ ಮುಂದೆ ಹೋಗುವುದು ಸರಿಯಲ್ಲ. ತೂಕದಲ್ಲಿ ಇದುವರೆಗೆ ಒಮ್ಮೆಯೂ ವ್ಯತ್ಯಾಸ ಕಂಡಿಲ್ಲ. ಕುಚ್ಚಲಕ್ಕಿಯಲ್ಲಿ ಕಲ್ಲಿಲ್ಲ, ಮೆಣಸು ಒಣಗಿದ್ದು, ಕೊತ್ತಂಬರಿ ಹೊಸತು. ಊರಿನ ಕೊಬ್ಬರಿಯಿಂದ ತೆಗೆದ ತೆಂಗಿನೆಣ್ಣೆಯನ್ನು ಈಗಲೂ ನಾವು ಕೊಂಡೊಯ್ದ ಬಾಟಲಿಗೇ ಅಳೆದು ಹಾಕುತ್ತಾರೆ. ಕನ್ನಡದಲ್ಲಿಯೂ ತುಳುವಿನಲ್ಲಿಯೂ ಮಲಯಾಳದಲ್ಲಿಯೂ ಒಂದೇ ಸಲೀಸಿನಲ್ಲಿ ಮಾತನಾಡುವ ಹುಡುಗರಿದ್ದಾರೆ. ಇಷ್ಟೆಲ್ಲ ಇರುವುದರಿಂದಲೇ ಆ ಹಲಗೆಯನ್ನು ಗಂಭೀರವಾಗಿ ತೆಗೆದುಕೊಂಡು ಅದರ ಕೆಳಗಿರುವ ಒಂದೊಂದು ಪೊಟ್ಟಣವನ್ನೂ ಓದಿ ನೋಡಬೇಕೆಂದು ನನಗೆ ಅನ್ನಿಸಿತು.

ಕಪಾಟಿನಲ್ಲಿ ಇರುವುದು ತೊಗರಿಬೇಳೆ, ಉದ್ದು, ಹೆಸರು, ಕಡಲೆ, ಬೆಳ್ತಿಗೆ ಅಕ್ಕಿ, ಬೆಲ್ಲ, ಅರಶಿನ, ಕಾಳುಮೆಣಸು ಮತ್ತು ಜೇನು. ಎಲ್ಲವೂ ಅಂದವಾದ ಪೊಟ್ಟಣಗಳಲ್ಲಿವೆ. ತೊಗರಿಬೇಳೆಗೆ ಎದುರುಗಡೆಯ ಸಾಮಾನ್ಯ ಕಪಾಟಿಗಿಂತ ಕಿಲೋ ಒಂದಕ್ಕೆ ಮೂವತ್ತೈದು ರೂಪಾಯಿ ಹೆಚ್ಚು. ನಾನು ಎರಡೂ ಕಡೆಯ ಬೇಳೆಯನ್ನು ಅಂಗೈಯಲ್ಲಿ ಹಾಕಿ ನೋಡಿದೆ. ಮನೆಗೆ ತಂದು ಬೇಯಿಸಿಯೂ ನೋಡಿದೆ. ಬೇಳೆ ಚೆನ್ನಾಗಿಯೇ ಇದೆ, ಬೇಗ ಬೇಯುತ್ತದೆ. ಆದರೆ ಹೆಚ್ಚು ಕೊಟ್ಟ ಮೂವತ್ತೈದು ರೂಪಾಯಿಗೂ ಕುಲಾಂತರಿಗೂ ಯಾವ ಸಂಬಂಧವೂ ಇಲ್ಲ. ಏಕೆಂದರೆ ಎದುರಿನ ಕಪಾಟಿನ ಬೇಳೆಯೂ ಕುಲಾಂತರಿಯಲ್ಲ. ಭಾರತದಲ್ಲಿ ಕುಲಾಂತರಿ ತೊಗರಿ ಮಾರಾಟಕ್ಕಾಗಿ ಬೆಳೆಯುವುದಿಲ್ಲ. ಮ್ಯಾನ್ಮಾರ್‌ನಿಂದಲೋ ಆಫ್ರಿಕದ ಮೊಜಾಂಬಿಕ್‌ನಿಂದಲೋ ಬರುವ ತೊಗರಿಯೂ ಅಂಥದ್ದಲ್ಲ. ಉದ್ದು, ಹೆಸರು, ಅರಶಿನ, ಕಾಳುಮೆಣಸುಗಳ ಮಾತೂ ಅದೇ.

ನಮ್ಮ ದೇಶದಲ್ಲಿ ಅನುಮತಿ ಪಡೆದು ವಾಣಿಜ್ಯಕ್ಕಾಗಿ ಬೆಳೆಯುವ ಕುಲಾಂತರಿ ಬೆಳೆ ಒಂದೇ: 2002ರಲ್ಲಿ ಒಪ್ಪಿಗೆ ಪಡೆದ ಬಿಟಿ ಹತ್ತಿ. ಮಣ್ಣಿನಲ್ಲಿರುವ, ಚುಟುಕಾಗಿ ಬಿಟಿ ಎನ್ನುವ ಒಂದು ಬ್ಯಾಕ್ಟೀರಿಯಾದ ವಂಶವಾಹಿಯನ್ನು ಹತ್ತಿ ಗಿಡಕ್ಕೆ ಸೇರಿಸಿ, ಕಾಯಿಕೊರಕ ಹುಳಕ್ಕೆ ವಿಷವಾಗುವ ಪ್ರೋಟೀನನ್ನು ಗಿಡವೇ ತಯಾರಿಸಿಕೊಳ್ಳುವಂತೆ ಮಾಡಿದ್ದಾರೆ. ಬದನೆಗೂ ಹೀಗೆಯೇ ಮಾಡಲು ಹೊರಟಾಗ, 2009ರ ಅಕ್ಟೋಬರ್‌ನಲ್ಲಿ ತಜ್ಞರ ಸಮಿತಿ ಒಪ್ಪಿದ್ದರೂ, ಆಗಿನ ಪರಿಸರ ಸಚಿವ ಜೈರಾಮ್ ರಮೇಶ್ ಅವರು ಏಳು ನಗರಗಳಲ್ಲಿ ಜನಾಭಿಪ್ರಾಯ ಕೇಳಿ 2010ರ ಫೆಬ್ರವರಿ 9ರಂದು ಅದನ್ನು ತಡೆಹಿಡಿದರು. ಕೊನೆಯ ಸಭೆ ಬೆಂಗಳೂರಿನಲ್ಲಿ ನಡೆದಿತ್ತು. ಈ ಅಂಗಡಿಗೆ ಚಳಿಗಾಲದಲ್ಲಿ ಉಡುಪಿಯ ಮಟ್ಟುಗುಳ್ಳ ಎಂಬ ಬದನೆ ಬರುತ್ತದೆ. ಅದರ ಬೆಳೆಗಾರರು ಬಿಟಿ ಬದನೆಯನ್ನು ಎಷ್ಟು ಜೋರಾಗಿ ವಿರೋಧಿಸಿದ್ದರೆಂಬುದು ಕರಾವಳಿಯವರಿಗೆ ನೆನಪಿರಬಹುದು. ದೆಹಲಿ ವಿಶ್ವವಿದ್ಯಾಲಯದಲ್ಲಿ ಸಿದ್ಧವಾದ ಡಿಎಂಎಚ್-11 ಎಂಬ ಕುಲಾಂತರಿ ಸಾಸಿವೆಗೆ 2022ರ ಅಕ್ಟೋಬರ್‌ನಲ್ಲಿ ಪರಿಸರದಲ್ಲಿ ಬೆಳೆಯಲು ಒಪ್ಪಿಗೆ ಸಿಕ್ಕಿತಾದರೂ 2024ರ ಜುಲೈಯಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಅದರ ಬಗ್ಗೆ ಭಿನ್ನ ತೀರ್ಪು ಕೊಟ್ಟರು. ಅಂದರೆ ನಮ್ಮ ಒಗ್ಗರಣೆಯ ಸಾಸಿವೆಯೂ ಈವರೆಗೆ ಹಳೆಯ ಸಾಸಿವೆಯೇ.

ಆ ಕಪಾಟಿನ ಪಕ್ಕದಲ್ಲಿ ಪಪ್ಪಾಯಿ ಇಟ್ಟಿದ್ದಾರೆ. ಅದಕ್ಕೂ ಒಂದು ಸಣ್ಣ ಹಸಿರು ಚೀಟಿ ಅಂಟಿಸಿದ್ದು, ‘ಊರಿನದು, ಜಿಎಂ ಅಲ್ಲ’ ಎಂದು ಕೈಯಲ್ಲಿ ಬರೆದಿದ್ದಾರೆ. ಅದರ ಆಚೆ ಚೀಟಿ ಇಲ್ಲದೆ ಬಿದ್ದಿರುವ ಕೆಂಪು ತಿರುಳಿನ ರೆಡ್ ಲೇಡಿ ಪಪ್ಪಾಯಿಯನ್ನು ಕಂಡವರು ಅದು ಕುಲಾಂತರಿಯೆಂದೇ ತಿಳಿಯುತ್ತಾರೆ. ನನ್ನ ತಾಯಿಯೂ ಹಾಗೆಯೇ ತಿಳಿದು, “ಅದು ಬೇಡ ಮಗಾ, ಅದಕ್ಕೆ ಏನೋ ಸೇರಿಸಿದ್ದಾರಂತೆ” ಎಂದು ಹಿಂದಕ್ಕೆ ಇಟ್ಟರು. ರೆಡ್ ಲೇಡಿ ತೈವಾನಿನ ಸಂಕರ ತಳಿ, ಕುಲಾಂತರಿಯಲ್ಲ. ಕುಲಾಂತರಿ ಪಪ್ಪಾಯಿ ಎಂಬುದು ಇರುವುದು ನಿಜ. ಉಂಗುರ ಚುಕ್ಕೆ ವೈರಸ್ಸಿನಿಂದ ತೋಟಗಳೇ ನಾಶವಾದಾಗ ಹವಾಯಿಯಲ್ಲಿ 1998ರಿಂದ ಅದನ್ನು ಬೆಳೆಯುತ್ತಿದ್ದಾರೆ. ಅದಕ್ಕೂ ನಮ್ಮ ಅಂಗಡಿಯ ಹಣ್ಣಿಗೂ ಸಂಬಂಧವಿಲ್ಲ.

ಸಂಕರ ತಳಿಗೂ ಕುಲಾಂತರಿಗೂ ಇರುವ ವ್ಯತ್ಯಾಸವನ್ನು ತಿಳಿಯಲು ಕಾಸರಗೋಡಿನವರು ದೂರ ಹೋಗಬೇಕಾಗಿಲ್ಲ. ಇಲ್ಲಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯವರು, ನಾವೆಲ್ಲ ಸಿಪಿಸಿಆರ್‌ಐ ಎನ್ನುವವರು, ಗಿಡ್ಡ ತಳಿಯ ತೆಂಗಿನ ಹೂವಿಗೆ ಎತ್ತರದ ತಳಿಯ ಪರಾಗವನ್ನು ತಾಗಿಸಿ ಚಂದ್ರಶಂಕರದಂಥ ಸಸಿಗಳನ್ನು ಮಾಡಿ ಕೊಟ್ಟಿದ್ದಾರೆ. ಅದು ತೆಂಗಿಗೆ ತೆಂಗನ್ನೇ ಕೂಡಿಸಿದ ಸಂಕರ. ಕುಲಾಂತರಿಯಲ್ಲಾದರೆ ಹೊಲದಲ್ಲಿ ಎಂದೂ ಕೂಡಲಾರದ ಬೇರೊಂದು ಜೀವಿಯ ವಂಶವಾಹಿಯನ್ನು ಪ್ರಯೋಗಶಾಲೆಯಲ್ಲಿ ಸೇರಿಸುತ್ತಾರೆ. ಅಂಗಡಿಯ ಚೀಟಿ ಈ ಎರಡನ್ನೂ ಒಂದೇ ಮಾಡಿಬಿಟ್ಟಿದೆ.

ಈ ಪ್ರಶ್ನೆ ನಿಜವಾಗಿ ಏಳಬೇಕಾದ ಸ್ಥಳ ಅಂಗಡಿಯ ಹಿಂಬದಿಯ ಎಣ್ಣೆಯ ಕಪಾಟು, ಮತ್ತು ಅಲ್ಲಿ ಯಾವ ಹಲಗೆಯೂ ಇಲ್ಲ. ನಾನು ಅಲ್ಲಿ ಅರ್ಧ ತಾಸು ನಿಂತು ಓದಿದೆ. ಒಂದು ಲೀಟರಿನ ಸೋಯಾ ಎಣ್ಣೆಯ ಪ್ಯಾಕೆಟ್ಟಿನಲ್ಲಿ ‘ರಿಫೈನ್ಡ್ ಸೋಯಾಬೀನ್ ಎಣ್ಣೆ’ ಎಂದಷ್ಟೇ ಇದೆ. ನಮ್ಮ ದೇಶ ಸೋಯಾ ಎಣ್ಣೆಯನ್ನು ಹೆಚ್ಚಾಗಿ ಅರ್ಜೆಂಟೀನ, ಬ್ರೆಜಿಲ್‌ಗಳಿಂದ ತರಿಸಿಕೊಳ್ಳುತ್ತದೆ, ಮತ್ತು ಆ ದೇಶಗಳಲ್ಲಿ ಬೆಳೆಯುವ ಸೋಯಾ ಬಹುತೇಕ ಕಳೆನಾಶಕ ತಡೆದುಕೊಳ್ಳುವ ಕುಲಾಂತರಿ. ಅಂಥ ಸೋಯಾದ ಎಣ್ಣೆಯ ಆಮದಿಗೆ 2007ರಲ್ಲಿಯೇ ಸರಕಾರದ ಒಪ್ಪಿಗೆ ಸಿಕ್ಕಿದೆ. ಮಧ್ಯಪ್ರದೇಶ, ಮಹಾರಾಷ್ಟ್ರಗಳಲ್ಲಿ ಬೆಳೆಯುವ ನಮ್ಮ ಸೋಯಾ ಮಾತ್ರ ಕುಲಾಂತರಿಯಲ್ಲ. ಆದ್ದರಿಂದ ಅದೇ ಅಂಗಡಿಯಲ್ಲಿ ಸಿಗುವ ಸೋಯಾ ಉಂಡೆಗಳ ಬಗ್ಗೆ, ಅವು ಊರ ಸೋಯಾದಿಂದ ಮಾಡಿದವಾದರೆ, ಹೆದರುವ ಕಾರಣವಿಲ್ಲ.

ಅದರ ಪಕ್ಕದ ಸಾಲಿನಲ್ಲಿ ಮಕ್ಕಳು ಇಷ್ಟಪಡುವ ಮಿಕ್ಸ್ಚರ್ ಪೊಟ್ಟಣ. ಹಿಂಬದಿಯ ಸಣ್ಣ ಅಕ್ಷರಗಳನ್ನು ಕನ್ನಡಕ ಹಾಕಿಕೊಂಡು ಓದಿದರೆ ‘ಖಾದ್ಯ ಸಸ್ಯಜನ್ಯ ಎಣ್ಣೆ’ ಎಂದು ಬರೆದು ಮುಂದೆ ಪಾಮೋಲಿನ್, ಹತ್ತಿಬೀಜ, ಮೆಕ್ಕೆಜೋಳ ಎಂದಿದೆ. ದೇಶದ ಹತ್ತಿ ಬೆಳೆಯುವ ನೆಲದಲ್ಲಿ ಹತ್ತರಲ್ಲಿ ಒಂಬತ್ತು ಪಾಲಿಗೂ ಹೆಚ್ಚು ಬಿಟಿ ಹತ್ತಿಯೇ ಆಗಿರುವಾಗ ಆ ಹತ್ತಿಬೀಜದ ಎಣ್ಣೆ ಯಾವುದೆಂದು ಊಹಿಸುವುದು ಕಷ್ಟವಲ್ಲ. ನಾವು ಹತ್ತಿಯನ್ನು ಬಟ್ಟೆಯೆಂದು ಮಾತ್ರ ತಿಳಿಯುತ್ತೇವೆ, ತಿನ್ನುವ ವಸ್ತುವೆಂದು ನೆನೆಯುವುದೇ ಇಲ್ಲ. ಆದರೆ ಕುಲಾಂತರಿಯು ನಮ್ಮ ಅಡುಗೆಮನೆಗೆ ಬಂದ ಒಂದು ದಾರಿ ಅದೇ. ಅಂಗಡಿಯ ಹಿತ್ತಿಲ ಕೋಣೆಯಲ್ಲಿ ರಾಶಿ ಹಾಕಿರುವ ಹತ್ತಿಕಾಳಿನ ಹಿಂಡಿಯ ಚೀಲಗಳೂ ಅದೇ ಬೀಜದ ಇನ್ನೊಂದು ಪಾಲು. ನಮ್ಮ ಹಟ್ಟಿಯ ಕಾಸರಗೋಡು ಗಿಡ್ಡ ದನವೂ ಅದನ್ನು ತಿನ್ನುತ್ತದೆ.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಲೇಬೇಕು. ಎಣ್ಣೆಯನ್ನು ಚೆನ್ನಾಗಿ ಶುದ್ಧೀಕರಿಸಿದಾಗ ಅದರಲ್ಲಿ ಡಿಎನ್‌ಎ, ಪ್ರೋಟೀನುಗಳು ಬಹುಮಟ್ಟಿಗೆ ಉಳಿಯುವುದಿಲ್ಲ. ಕುಲಾಂತರಿ ಸೋಯಾದ ಎಣ್ಣೆಯ ಕೊಬ್ಬು ಸಾಮಾನ್ಯ ಸೋಯಾದ ಕೊಬ್ಬಿನಂಥದ್ದೇ, ಮತ್ತು ಪ್ರಯೋಗಶಾಲೆಯಲ್ಲಿಯೂ ಅದನ್ನು ಗುರುತಿಸುವುದು ಕಷ್ಟ. ಈಗ ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿರುವ ಕುಲಾಂತರಿ ಆಹಾರಗಳು ಸುರಕ್ಷತೆಯ ಪರಿಶೀಲನೆ ದಾಟಿ ಬಂದವು, ಅವುಗಳಿಂದ ಆರೋಗ್ಯಕ್ಕೆ ಅಪಾಯವಾಗುವ ಸಂಭವ ಕಡಿಮೆ ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಆದ್ದರಿಂದ ಆ ಎಣ್ಣೆ ವಿಷವೆಂದು ನಾನು ಬರೆಯುತ್ತಿಲ್ಲ. ಕೊಳ್ಳುವವನಿಗೆ ಅದು ಏನೆಂದು ತಿಳಿಯಬೇಕು ಎಂಬುದಷ್ಟೇ ನನ್ನ ಮಾತು. ಹಾಗೆ ತಿಳಿಸಬೇಕೆಂಬ ನಿಯಮವೂ ಇದೆ: 2013ರ ಜನವರಿ 1ರಿಂದ ಕುಲಾಂತರಿ ಆಹಾರವಿರುವ ಪ್ರತಿಯೊಂದು ಪೊಟ್ಟಣದ ಮುಖದ ಮೇಲ್ಭಾಗದಲ್ಲಿ ‘ಜಿಎಂ’ ಎಂದು ಮುದ್ರಿಸಬೇಕು. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 2018ರಲ್ಲಿ ಮಾರುಕಟ್ಟೆಯ 65 ಆಹಾರ ಪೊಟ್ಟಣಗಳನ್ನು ಪರೀಕ್ಷಿಸಿದಾಗ ಅವುಗಳಲ್ಲಿ ನೂರಕ್ಕೆ 32ರಲ್ಲಿ ಕುಲಾಂತರಿ ಅಂಶ ಸಿಕ್ಕಿತ್ತು. ಈ ಅಂಗಡಿಯ ಎಣ್ಣೆಯ ಕಪಾಟಿನಲ್ಲಾಗಲಿ ತಿಂಡಿಯ ಸಾಲಿನಲ್ಲಾಗಲಿ ಆ ಎರಡಕ್ಷರವನ್ನು ನಾನು ಒಂದೇ ಒಂದು ಪೊಟ್ಟಣದ ಮೇಲೂ ಕಾಣಲಿಲ್ಲ.

ಕಂಡದ್ದು ಗಲ್ಫ್ ಸಾಮಾನಿನ ಸಾಲಿನಲ್ಲಿ, ಅದೂ ಬೇರೆ ರೂಪದಲ್ಲಿ. ನಮ್ಮ ಜಿಲ್ಲೆಯ ಯಾವ ಪೇಟೆಗೆ ಹೋದರೂ ದುಬೈಯಿಂದ ಬಂದ ಚಾಕಲೇಟು, ಚಿಪ್ಸುಗಳ ಒಂದು ಸಾಲು ಇದ್ದೇ ಇರುತ್ತದೆ. ಅಮೆರಿಕದಲ್ಲಿ ತಯಾರಾದ ಮೆಕ್ಕೆಜೋಳದ ಚಿಪ್ಸಿನ ಒಂದು ಪೊಟ್ಟಣವನ್ನು ತಿರುಗಿಸಿದಾಗ ಕೆಳಮೂಲೆಯಲ್ಲಿ ಸೂರ್ಯನೂ ಹೊಲವೂ ಇರುವ ಹಸಿರು ಬಣ್ಣದ ದುಂಡನೆಯ ಮುದ್ರೆ, ಅದರ ಸುತ್ತ ‘ಬಯೋಎಂಜಿನಿಯರ್ಡ್’ ಎಂಬ ಪದ. ಅದು 2022ರ ಜನವರಿಯಿಂದ ಅಮೆರಿಕದಲ್ಲಿ ಕಡ್ಡಾಯವಾದ ಕುಲಾಂತರಿ ಗುರುತು. ಅಲ್ಲಿ ಬೆಳೆಯುವ ಮೆಕ್ಕೆಜೋಳದಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಕುಲಾಂತರಿ. ಹಸಿರು ಬಣ್ಣವನ್ನು ನೋಡಿ ಅದು ಸಾವಯವದ ಗುರುತೆಂದು ತಿಳಿದು ಒಬ್ಬ ತಾಯಿ ಆ ಪೊಟ್ಟಣವನ್ನೇ ಆರಿಸಿ ಮಗುವಿಗೆ ಕೊಟ್ಟದ್ದನ್ನು ನಾನು ಅಲ್ಲಿ ನಿಂತೇ ನೋಡಿದೆ. ಆ ಪೊಟ್ಟಣದ ಮೇಲೆ ಭಾರತದ ಆಮದುದಾರರ ಹೆಸರಾಗಲಿ ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐಯ ಪರವಾನಗಿ ಸಂಖ್ಯೆಯಾಗಲಿ ಇರಲಿಲ್ಲ. ಇಂಥ ಸಾಮಾನನ್ನು ಅಂಗಡಿಯವರು ಇಡಬಾರದು. ಈ ಒಂದು ವಿಷಯದಲ್ಲಿ ನನಗೆ ನಿಜವಾಗಿ ಬೇಸರವಾಯಿತು.

ಇನ್ನೊಂದು ತೊಂದರೆ ಭಾಷೆಯದು. ಪೊಟ್ಟಣಗಳ ಬರಹ ಇಂಗ್ಲಿಷಿನಲ್ಲಿ, ಕೆಲವು ಮಲಯಾಳದಲ್ಲಿ. ಅಂಗಡಿಯ ಹಲಗೆಗಳೂ ಹಾಗೆಯೇ. ಬದಿಯಡ್ಕ, ಪೆರ್ಲ, ನೀರ್ಚಾಲು ಕಡೆಯ ಹಿರಿಯರಲ್ಲಿ ಕನ್ನಡವನ್ನು ಮಾತ್ರ ಓದಬಲ್ಲವರು ಇನ್ನೂ ಬಹಳ ಮಂದಿ ಇದ್ದಾರೆ. ಇದೇ ಊರುಗಳವರು ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದ್ದನ್ನು ಎರಡು ದಶಕಗಳಿಗೂ ಹೆಚ್ಚು ಕಾಲ ಕಂಡವರು, ಅದರಿಂದ ಏನೂ ಆಗದೆಂಬ ಮಾತನ್ನು ಕೇಳಿದವರು. ಎಂಡೋಸಲ್ಫಾನ್ ಕೀಟನಾಶಕ, ಕುಲಾಂತರಿ ಬೇರೆಯೇ ವಿಷಯ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ತಪ್ಪು. ಆದರೆ ತಾವು ತಿನ್ನುವುದರಲ್ಲಿ ಏನಿದೆಯೆಂದು ತಮ್ಮ ಭಾಷೆಯಲ್ಲಿ ತಿಳಿಯಬೇಕೆಂದು ಇಲ್ಲಿನವರು ಕೇಳಿದರೆ ಅದಕ್ಕೆ ಕಾರಣ ಇದೆ.

ಇದನ್ನೆಲ್ಲ ನಾನು ಯಜಮಾನರ ಹತ್ತಿರವೇ ಹೇಳಿದೆ. ಅವರು ಬೇಸರಿಸಲಿಲ್ಲ. “ಮಾಷ್ಟ್ರೇ, ಆ ಹಲಗೆ ಪೊಟ್ಟಣ ತಂದುಕೊಡುವ ಕಂಪೆನಿಯವರು ಕೊಟ್ಟದ್ದು. ಒಳ್ಳೆಯ ಸಾಮಾನಿಗೆ ಒಳ್ಳೆಯ ಹಲಗೆ ಎಂದು ಇಟ್ಟೆ. ಎಣ್ಣೆಯಲ್ಲಿ ಹೀಗೆ ಇದೆಯೆಂದು ನನಗೂ ಯಾರೂ ಹೇಳಲಿಲ್ಲ,” ಎಂದರು. ಸ್ವಲ್ಪ ಹೊತ್ತು ಲೆಕ್ಕದ ಪುಸ್ತಕವನ್ನೇ ನೋಡುತ್ತ ಕುಳಿತು, “ನೀವೇ ಕನ್ನಡದಲ್ಲಿ ಒಂದು ಹಾಳೆ ಬರೆದು ಕೊಡಿ, ಎಣ್ಣೆಯ ಹತ್ತಿರ ಅಂಟಿಸುತ್ತೇನೆ,” ಎಂದರು. ಬರೆದು ಕೊಟ್ಟೆ: ಯಾವುದು ಊರಿನ ತೆಂಗಿನೆಣ್ಣೆ, ಯಾವುದು ಸೋಯಾ, ಯಾವುದರಲ್ಲಿ ಹತ್ತಿಬೀಜದ ಎಣ್ಣೆ ಸೇರಿದೆ, ಅಷ್ಟೇ ವಿಷಯ, ದೊಡ್ಡ ಅಕ್ಷರಗಳಲ್ಲಿ.

ಬೇಳೆ, ಅಕ್ಕಿ, ಸಂಬಾರ ಪದಾರ್ಥಗಳಿಗೆ ಈ ಅಂಗಡಿಗೆ ಧೈರ್ಯವಾಗಿ ಹೋಗಬಹುದು. ಎಡಗಡೆಯ ಸಾಮಾನ್ಯ ಕಪಾಟಿನಿಂದಲೇ ತೆಗೆದುಕೊಳ್ಳಿ. ತೆಂಗಿನೆಣ್ಣೆಗೆ ಬಾಟಲಿ ಒಯ್ಯಿರಿ. ಗಲ್ಫ್ ಸಾಮಾನನ್ನು ಆಮದುದಾರರ ಚೀಟಿ ನೋಡದೆ ಕೊಳ್ಳಬೇಡಿ. ಕಳೆದ ಭಾನುವಾರ ಹೋದಾಗ ನನ್ನ ಹಾಳೆಗೆ ಪ್ಲಾಸ್ಟಿಕ್ ಹೊದಿಸಿ ಎಣ್ಣೆಯ ಕಪಾಟಿನ ಕಂಬಕ್ಕೆ ಕಟ್ಟಿದ್ದರು. ನಮ್ಮ ಮುಂದೆ ಇದ್ದ ಅಜ್ಜಿಯೊಬ್ಬರು ಬೆರಳಿಟ್ಟು ಅಕ್ಷರ ಕೂಡಿಸಿ ಅದನ್ನು ಕೊನೆಯವರೆಗೆ ಓದಿ, ಕೈಯಲ್ಲಿದ್ದ ಪ್ಯಾಕೆಟ್ಟನ್ನು ಒಮ್ಮೆ ತಿರುಗಿಸಿ ನೋಡಿ, ಹಾಗೆಯೇ ಬುಟ್ಟಿಗೆ ಹಾಕಿಕೊಂಡರು. ಪಪ್ಪಾಯಿಯ ಹಸಿರು ಚೀಟಿ ಮಾತ್ರ ಇನ್ನೂ ಅಲ್ಲಿಯೇ ಇದೆ.