ಡ್ರೈವರ್ ಇಲ್ಲದ ಟ್ಯಾಕ್ಸಿ: ಒಳಗೆ ನಾಲ್ಕು ಸ್ಟಾರ್, ಹೊರಗೆ ಎರಡು

ಇಪ್ಪತ್ತೆರಡು ವರ್ಷ ಡ್ರೈವಿಂಗ್ ಕಲಿಸಿದವನು ನಾನು. ಕಲಿಸುವ ಕಾರಿನಲ್ಲಿ ನಮ್ಮ ಕಾಲ ಕೆಳಗೂ ಒಂದು ಬ್ರೇಕ್ ಇರುತ್ತದೆ. ಅದೊಂದರ ಧೈರ್ಯದ ಮೇಲೆ ಇಷ್ಟು ವರ್ಷ ಕಳೆದಿದ್ದೇನೆ. ಹಾಗಾಗಿ ಡ್ರೈವರ್ ಇಲ್ಲದ ಟ್ಯಾಕ್ಸಿಯ ಹಿಂದಿನ ಸೀಟಿನಲ್ಲಿ ಕೂತಾಗ ಬಲಗಾಲು ಸುಮ್ನೆ ನೆಲ ಒತ್ತುತ್ತಲೇ ಇತ್ತು.

ಕಾರು ಬಂತು, ಆದರೆ ನಾನು ನಿಂತಲ್ಲಿಗಲ್ಲ. ತಿರುವಿನ ಆಚೆ ಹೋಗಿ ನಿಂತಿತು. ಫೋನಿನಿಂದ ಬಾಗಿಲು ತೆಗೆದೆ, ಬೆಲ್ಟ್ ಹಾಕಿದೆ, ಸ್ಕ್ರೀನಿನ ಬಟನ್ ಒತ್ತಿದೆ. ಸ್ಟಿಯರಿಂಗ್ ತಾನಾಗಿ ತಿರುಗಿತು. ಮೊದಲ ಸಲ ಅದನ್ನು ನೋಡಬೇಡಿ, ಹೊಟ್ಟೆಯಲ್ಲಿ ಏನೋ ಆಗುತ್ತದೆ. ಸ್ಕ್ರೀನ್ ನೋಡಿ. ಪಕ್ಕದ ಬೈಕು, ನಿಂತ ಲಾರಿ, ನಡೆಯುವ ಜನ ಎಲ್ಲರೂ ಅಲ್ಲಿ ಪುಟ್ಟ ಗೊಂಬೆಗಳ ಹಾಗೆ ಕಾಣುತ್ತಾರೆ. ಲಾರಿ ಮರೆಯಿಂದ ಒಬ್ಬರು ಬರುತ್ತಿದ್ದರು. ನನ್ನ ಕಣ್ಣಿಗೆ ಬೀಳುವ ಮೊದಲೇ ಸ್ಕ್ರೀನಿನಲ್ಲಿ ಗೊಂಬೆ ಮೂಡಿತು. ಕಾರಿನ ನೆತ್ತಿಯ ಮೇಲಿನ ಲೈಡಾರ್ ಲೇಸರ್ ಬೆಳಕು ಬಿಟ್ಟು, ಅದು ವಾಪಸ್ ಬರುವ ಹೊತ್ತು ಅಳೆದು ದೂರ ಲೆಕ್ಕ ಹಾಕುತ್ತದೆ. ಕತ್ತಲಾದರೂ ಅದಕ್ಕೆ ಅಡ್ಡಿಯಿಲ್ಲ. ಇಷ್ಟು ಕಂಡ ಮೇಲೆ ನನ್ನ ಕಾಲು ಸಡಿಲವಾಯಿತು.

ಲೇನ್, ಸಿಗ್ನಲ್, ಮುಂದಿನ ಗಾಡಿಯಿಂದ ಅಂತರ: ಮೂರಕ್ಕೂ ಪೂರ್ತಿ ಅಂಕ. ಆದರೆ ಸಾಮಾನು ಇಳಿಸುತ್ತಿದ್ದ ಒಂದು ವ್ಯಾನಿನ ಹಿಂದೆ ಸುಮ್ಮನೆ ನಿಂತೇಬಿಟ್ಟಿತು. ನನ್ನ ಶಿಷ್ಯನಾಗಿದ್ದರೆ ‘ಪಕ್ಕದಿಂದ ಹೋಗಪ್ಪ, ಅವನು ಈಗ ಏಳಲ್ಲ’ ಅನ್ನುತ್ತಿದ್ದೆ. ಇಲ್ಲಿ ಯಾರಿಗೆ ಹೇಳೋದು? ಸಹಾಯದ ಬಟನ್ ಒತ್ತಿದೆ. ಎಲ್ಲೋ ಕೂತಿದ್ದ ಹೆಣ್ಣುಮಗಳು ವಿನಯದಿಂದ ಮಾತು ಶುರು ಮಾಡುವಷ್ಟರಲ್ಲಿ ಕಾರೇ ಹೊರಟಿತು.

ಇಳಿದ ಮೇಲೆ ಬೇಕಂತಲೇ ಜೀಬ್ರಾ ಕ್ರಾಸಿಂಗ್ ಹತ್ತಿರ ಕಾದೆ, ಅಂಥದ್ದೇ ಇನ್ನೊಂದು ಕಾರು ಬರಲಿ ಅಂತ. ಕಲಿಯಲು ಬಂದ ಎಲ್ಲರಿಗೂ ನಾನು ಹೇಳುತ್ತಿದ್ದ ಮಾತು ಒಂದೇ: ದಾಟುವವರ ಕಣ್ಣು ನೋಡಿ, ತಲೆಯಾಡಿಸಿ. ನೀವು ಅವರನ್ನು ಕಂಡಿದ್ದೀರಿ ಅಂತ ಅವರಿಗೂ ಗೊತ್ತಾಗಬೇಕಲ್ವಾ? ಕಾರು ಮರ್ಯಾದೆಯಿಂದಲೇ ನಿಂತಿತು. ಆದರೆ ನನಗಾಗಿ ನಿಂತಿತೋ, ಬೇರೆ ಯಾವುದಕ್ಕೋ? ಎರಡು ಹೆಜ್ಜೆ ಇಟ್ಟೆ, ಹಿಂದೆ ಬಂದೆ, ಮತ್ತೆ ಓಡಿದೆ. ಒಳಗೆ ನನಗೆ ಸಮಾಧಾನ ಕೊಟ್ಟ ಆ ಸ್ಕ್ರೀನು ಹೊರಗಿದ್ದವನಿಗೆ ಕಾಣುವುದಿಲ್ಲ.

ಕಾಣುವುದು ಬೇರೆ, ಗುರುತು ಹಿಡಿಯುವುದು ಬೇರೆ. 2018ರ ಮಾರ್ಚ್‌ನಲ್ಲಿ ಅಮೆರಿಕದ ಅರಿಜೋನಾದ ಟೆಂಪಿಯಲ್ಲಿ, ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಮಹಿಳೆ ಊಬರ್‌ನ ತಾನೇ ಓಡುವ ಪರೀಕ್ಷಾ ಕಾರು ಬಡಿದು ತೀರಿಕೊಂಡರು. ಡಿಕ್ಕಿಗೆ 5.6 ಸೆಕೆಂಡ್ ಮೊದಲೇ ಕಾರಿನ ವ್ಯವಸ್ಥೆಗೆ ಏನೋ ಇದೆ ಅಂತ ತಿಳಿದಿತ್ತು ಎಂದು ತನಿಖೆಯಲ್ಲಿ ಗೊತ್ತಾಯಿತು. ವಾಹನವೋ, ಸೈಕಲ್ಲೋ, ಇನ್ನೇನೋ ಅಂತ ಅದು ಮನಸ್ಸು ಬದಲಾಯಿಸುತ್ತಲೇ ಇತ್ತು. ನಿಗಾ ಇಡಲೆಂದೇ ಸ್ಟಿಯರಿಂಗ್ ಮುಂದೆ ಒಬ್ಬರು ಕೂತಿದ್ದರು, ಅವರ ಕಾಲ ಕೆಳಗೆ ಬ್ರೇಕೂ ಇತ್ತು. ಅವರ ಕಣ್ಣು ಫೋನಿನ ಮೇಲಿತ್ತು. ನನ್ನ ಕೆಲಸದವರೇ ಅನ್ನಿ. ಅದಕ್ಕೇ ಆ ಸುದ್ದಿ ನನಗೆ ಇನ್ನೂ ಚುಚ್ಚುತ್ತದೆ.

ಅಮೆರಿಕದ ವಾಹನ ಸವಾರರ ಸಂಘ ಎಎಎ 2025ರಲ್ಲಿ ಅಲ್ಲಿನ ಚಾಲಕರನ್ನು ಕೇಳಿದಾಗ 100ಕ್ಕೆ 61 ಮಂದಿ ಇಂಥ ಕಾರಿನಲ್ಲಿ ಹೋಗಲು ಹೆದರಿಕೆ ಅಂದರು. ನಂಬುತ್ತೇವೆ ಅಂದವರು 13 ಮಂದಿ. ಒಂದು ಸಲ ಹತ್ತಿದರೆ ಭಯ ಹೋಗುತ್ತೆ ಅನ್ನುವವರಿದ್ದಾರೆ. ನನ್ನದು ಹೋಯಿತು, ಸುಳ್ಳು ಹೇಳಲ್ಲ. ಆದರೆ ಹತ್ತುವವನು ಒಪ್ಪಿ ಬಟನ್ ಒತ್ತಿರುತ್ತಾನೆ. ಎದುರಿಗೆ ದಾಟುವವರನ್ನು ಯಾರೂ ಕೇಳಿರುವುದಿಲ್ಲ.

ರಾತ್ರಿ ಹೊತ್ತು ಮತ್ತೆ ಹತ್ತುತ್ತೇನೆ. ತೂಕಡಿಸುವ ಡ್ರೈವರ್‌ಗಿಂತ ಇದು ಎಷ್ಟೋ ವಾಸಿ. ಜೋರು ಮಳೆಯಲ್ಲಿ ಇನ್ನೂ ಹತ್ತಿಲ್ಲ. ಹತ್ತಿದ ದಿನ ಸ್ಟಾರ್ ಕಡಿಮೆಯಾದರೂ ಆಗಬಹುದು.